ಟೆಂಟಿನ ತೂಕ ಕೇಳಿದಿರಿ, ಟಾಪ್ ಎಷ್ಟು ತಡೆಯುತ್ತದೆ ಎಂದು ಕೇಳಿದಿರಾ?

ಗಾಡಿ ಪ್ರಶ್ನೆ: ಓದುಗರ ಕಾಗದಗಳಿಗೆ ಹಾಸನದ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಐದು ಸೀಟಿನ ಎಸ್‌ಯುವಿ ಇದೆ. ಟಾಪ್ ಮೇಲೆ ಕೂರಿಸುವ ಟೆಂಟ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಮಡಚಿದ್ದನ್ನು ಬಿಚ್ಚಿದರೆ ಅರ್ಧ ಗಾಡಿಯ ಹೊರಗೆ ಬರುತ್ತದೆ, ಅದಕ್ಕೆ ಏಣಿ ಆಸರೆ. ತೂಕ 62 ಕೆ.ಜಿ. ಅಂದರು. ಟಾಪಿನ ಎರಡೂ ಬದಿ ಉದ್ದಕ್ಕೂ ಇರುವ ರೂಫ್ ರೇಲ್ ಕಂಪನಿಯದ್ದೇ. ಅದಕ್ಕೆ ಹಾಕಲು ತಂದ ಎರಡು ಅಡ್ಡ ಬಾರ್ 100 ಕೆ.ಜಿ. ತಡೆಯುತ್ತವೆ ಎಂದು ಪೆಟ್ಟಿಗೆಯ ಮೇಲಿದೆ. ಗಾಡಿಯ ಪುಸ್ತಕದಲ್ಲಿ ಮಾತ್ರ ಟಾಪ್ ಮೇಲೆ 75 ಕೆ.ಜಿ. ಎಂದಿದೆ. ಅಂಗಡಿಯವರು "ಅದೆಲ್ಲ ಸುಮ್ನೆ ಬರೆದಿರ್ತಾರೆ ಸಾರ್, ಏನೂ ಆಗಲ್ಲ" ಅನ್ನುತ್ತಾರೆ. ನಾನು, ಹೆಂಡತಿ, ಮಗಳು ಮೂವರೂ ಮಲಗಿದರೆ ನಮ್ಮದೇ 150 ಕೆ.ಜಿ. ಆಗುತ್ತದೆ. ಹೆಂಡತಿ ಹತ್ತುವುದೇ ಇಲ್ಲ ಅಂತ ಕೂತಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರು ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಅಂಗಡಿಯವರು ಹೇಳಿದ್ದು ತಪ್ಪು.

ಪುಸ್ತಕದಲ್ಲಿರುವ 75 ಓಡುವ ಗಾಡಿಯ ಲೆಕ್ಕ, ನಿಂತ ಗಾಡಿಯದ್ದಲ್ಲ. ತಲೆಯ ಮೇಲೆ ಕೊಡ ಹೊತ್ತು ನಿಲ್ಲುವುದು ಬೇರೆ, ಹೊತ್ತು ಓಡುವುದು ಬೇರೆ, ಅಲ್ವಾ? ಗಾಡಿ ಓಡುವಾಗ 62 ಕೆ.ಜಿ. ಬರೀ 62 ಆಗಿ ಉಳಿಯುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಆ ಟೆಂಟ್ ಹತ್ತಿರ ಹತ್ತಿರ 50 ಕೆ.ಜಿ. ಬಲದಲ್ಲಿ ಮುಂದಕ್ಕೆ ನೂಕುತ್ತದೆ. ಗುಂಡಿಗೆ ಬಿದ್ದರೆ ಕೆಳಗೆ ಗುದ್ದುತ್ತದೆ. ಹೈವೇಯಲ್ಲಿ ಗಾಳಿ ಅದರ ಮುಂದಿನ ಅಂಚಿನ ಕೆಳಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಇಷ್ಟನ್ನೂ ಬಾರನ್ನು ರೇಲಿಗೆ ಹಿಡಿದಿಡುವ ನಾಲ್ಕು ಕ್ಲಾಂಪುಗಳು ತಡೆಯಬೇಕು. ಹಾಗಾಗಿ ಕಂಪನಿಯವರು ಸಂಖ್ಯೆಯನ್ನು ಕಡಿಮೆ ಇಟ್ಟಿರುತ್ತಾರೆ. ಗಾಡಿ ನಿಂತಾಗ ಈ ನೂಕಾಟ ಇಲ್ಲ. ಭಾರ ನಿಧಾನವಾಗಿ ಕಂಬಗಳ ಮೂಲಕ ಚಾಸಿಗೆ ಇಳಿಯುತ್ತದೆ, ನಿಮ್ಮ ಟೆಂಟಿನಲ್ಲಂತೂ ಒಂದು ಪಾಲನ್ನು ಏಣಿಯೇ ಹೊರುತ್ತದೆ. ಅದಕ್ಕೇ 75ರ ಟಾಪ್ ಮೇಲೆ ಜನ ಮಲಗಲು ಆಗುವುದು.

ನಿಂತಾಗ ಓಡುವ ಲೆಕ್ಕದ ಮೂರು ಪಟ್ಟು ತಡೆಯುತ್ತದೆ ಎಂದು ಕೆಲವರು ಬಾಯಿಲೆಕ್ಕ ಹೇಳುತ್ತಾರೆ. ಅದನ್ನು ನಂಬಿ ಮಗಳನ್ನು ಮಲಗಿಸಬೇಡಿ. ನಿಂತ ಗಾಡಿಯ ಮೇಲೆ ಎಷ್ಟು ಭಾರ ಹಾಕಬಹುದು ಎಂಬ ಸಂಖ್ಯೆಯನ್ನು ಬಾರ್ ಮಾಡಿದವರೂ ಟೆಂಟ್ ಮಾಡಿದವರೂ ಬೇರೆಯಾಗಿ ಕೊಡಬೇಕು. ಗಾಡಿ ಕಂಪನಿಯ ಸರ್ವಿಸ್ ಸೆಂಟರಿನಲ್ಲೂ ಇದನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮದು ಮೂವರ 150, ಟೆಂಟ್ 62, ಬಾರ್, ಹಾಸಿಗೆ ಸೇರಿ 220ರ ಮೇಲೆ ಹೋಗುತ್ತದೆ. ಆ ಸಂಖ್ಯೆ ಎಲ್ಲೂ ಸಿಗದಿದ್ದರೆ ಆ ಬಾರ್ ಸಾಮಾನು ಹೊರಲು ಮಾತ್ರ, ಮಲಗಲು ಅಲ್ಲ.

ಈಗ ಓಡುವ ಲೆಕ್ಕಕ್ಕೆ ಬನ್ನಿ. ಬಾರ್ 100 ತಡೆದರೂ ಟಾಪ್ 75 ಎಂದರೆ ನಿಮ್ಮ ಲೆಕ್ಕ 75ಕ್ಕೇ ನಿಂತಿತು. ಯಾವುದು ಕಡಿಮೆಯೋ ಅದೇ ಯಜಮಾನ. ಬಾರ್‌ಗಳ ತೂಕವೂ ಅದರೊಳಗೇ ಬರುತ್ತದೆ. ಬಾರ್ 6 ಕೆ.ಜಿ. ಎಂದಿಟ್ಟುಕೊಂಡರೆ ಉಳಿದದ್ದು 69. ಟೆಂಟ್ 62 ತೆಗೆದರೆ ಕೈಯಲ್ಲಿ 7. ಆ 62ರಲ್ಲಿ ಏಣಿ, ಒಳಗಿನ ಫೋಮ್ ಹಾಸಿಗೆ ಸೇರಿದೆಯಾ? ಮಾರುವವರು ಇವನ್ನು ಬಿಟ್ಟು ಹೇಳುವುದು ಜಾಸ್ತಿ. ನಿಮ್ಮ ಕಡೆ ಕಾಫಿ ಚೀಲ ತೂಗುವ ತಕ್ಕಡಿಗೇನು ಬರ? ಗುರುತಿನವರ ಗೋಡೌನಿಗೆ ಒಯ್ದು ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿ. ಏಣಿ, ಕಂಬಳಿ, ದಿಂಬು ಡಿಕ್ಕಿಯಲ್ಲಿ ಹೋಗಲಿ. ಇನ್ನೊಂದು ವಿಷಯ, ನಮ್ಮ ಮಲೆನಾಡಿಗೇ ಸೇರಿದ್ದು: ರಾತ್ರಿಯೆಲ್ಲ ಮಳೆಯಲ್ಲಿ ನೆನೆದ ಕ್ಯಾನ್ವಾಸ್ ಕೆಲವು ಕೆ.ಜಿ. ನೀರು ಕುಡಿದಿರುತ್ತದೆ. ಹೋಗುವಾಗ ಲೆಕ್ಕದೊಳಗಿದ್ದ ಟೆಂಟ್ ಬರುವಾಗ ಲೆಕ್ಕ ಮೀರಬಹುದು. ಕೈಯಲ್ಲಿರುವ 7 ಕೆ.ಜಿ.ಯನ್ನು ಆ ನೀರಿಗೆಂದೇ ಬಿಡಿ. 50 ಕೆ.ಜಿ.ಯೊಳಗಿನ, ಇಬ್ಬರು ಮಲಗುವ ಟೆಂಟ್ ಆಗಿದ್ದರೆ ಈ ಲೆಕ್ಕವೆಲ್ಲ ಸಲೀಸು. ಆದರೆ ನೀವು ಮೂವರಲ್ಲ?

ನಾನು ಮೊದಲು ತೋಟದ ಜೀಪುಗಳಿಗೆ ಕಬ್ಬಿಣದ ಕ್ಯಾರಿಯರ್ ಮಾಡಿಕೊಡುತ್ತಿದ್ದವನು. ಆ ಜೀಪುಗಳ ಟಾಪಿನ ಅಂಚಿಗೆ ಉದ್ದಕ್ಕೂ ಮಳೆನೀರು ಹರಿಯುವ ತಗಡಿನ ಮಡಿಕೆ ಇರುತ್ತಿತ್ತು. ಅದನ್ನು ಹಿಡಿದು ಕ್ಯಾರಿಯರಿಗೆ ಬೇಕಾದಷ್ಟು ಕಾಲು ಕೊಡುತ್ತಿದ್ದೆವು. ಈಗಿನ ಗಾಡಿಗಳಲ್ಲಿ ಅದಿಲ್ಲ. ರೇಲ್ ಇದೆ, ಆದರೆ ಎಲ್ಲ ರೇಲೂ ರೇಲಲ್ಲ. ಕೆಲವು ಬರೀ ಅಂದಕ್ಕೆ, ಕ್ಲಿಪ್ಪಿನಲ್ಲೋ ಅಂಟಿನಲ್ಲೋ ಕೂತಿರುತ್ತವೆ. ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಟಾಪಿನ ಭಾರ ಕೊಟ್ಟಿದ್ದಾರೆ ಎಂಬುದು ಒಳ್ಳೆಯ ಸೂಚನೆ. ಆದರೂ ರೇಲಿಗೇ ಬಾರ್ ಹಾಕಬಹುದೇ ಎಂದು ಓದಿ ಖಚಿತ ಮಾಡಿಕೊಳ್ಳಿ.

ಕೂರಿಸುವ ಕೆಲಸ. ಬಾರ್ ಎರಡರ ನಡುವಿನ ಅಂತರವನ್ನು ಟೆಂಟಿನ ಪುಸ್ತಕ ಹೇಳಿದಂತೆ ಇಡಿ. ಸಾಮಾನ್ಯವಾಗಿ ಮುಕ್ಕಾಲು ಮೀಟರಿಗೆ ಕಡಿಮೆ ಬೇಡ. ಟೇಪ್ ಹಿಡಿದು ಎಡ ಬಲ ಅಳೆಯಿರಿ, ಬಾರ್ ಓರೆಯಾದರೆ ಟೆಂಟ್ ತಿರುಚಿ ಕೂರುತ್ತದೆ. ಎತ್ತಲು ನಾಲ್ಕು ಜನ ಬೇಕು. ಇಬ್ಬರು ಗಂಡಸರು ಸಾಕು ಎನ್ನುವವರ ಗಾಡಿಯ ಬಾಗಿಲ ಮೇಲೆ ಗೀರು ನೋಡಿ. ಟೆಂಟಿನ ಅಡಿಯಲ್ಲಿ ಎರಡು ಅಲ್ಯೂಮಿನಿಯಂ ಚಾನಲ್ ಇರುತ್ತವೆ. ಬೋಲ್ಟಿನ ತಲೆ ಅದರೊಳಗೆ ಜಾರಿ ಕೂರುತ್ತದೆ, ಬಾರಿನ ಕೆಳಗೆ ಪ್ಲೇಟ್, ಅದರ ಕೆಳಗೆ ವಾಷರ್, ನಟ್. ಕೈಯಲ್ಲಿ ಎಲ್ಲವನ್ನೂ ಹಿಡಿತಕ್ಕೆ ತಂದು, ಅಲ್ಲಿಗೆ ನಿಲ್ಲಿಸಿ. ಡಿಕ್ಕಿ ಬಾಗಿಲನ್ನು ಪೂರ್ತಿ ಎತ್ತಿ ನೋಡಿ. ತಾಗುತ್ತಾ? ಆಂಟೆನಾ ತಾಗುತ್ತಾ? ಇದನ್ನು ಬಿಗಿ ಮಾಡಿದ ಮೇಲೆ ನೋಡುವವರೇ ಜಾಸ್ತಿ. ಸನ್‌ರೂಫ್ ಇದ್ದರೆ ಇನ್ನು ಮುಚ್ಚೇ ಇರಲಿ.

ನಿಮ್ಮದು ಸೆಕೆಂಡ್ ಹ್ಯಾಂಡ್ ಆದ್ದರಿಂದ ಹಳೆಯ ನಟ್‌ಗಳನ್ನು ಎಸೆಯಿರಿ. ಒಳಗೆ ನೈಲಾನ್ ಬಳೆ ಇರುವ ಈ ನಟ್‌ಗಳು ಒಮ್ಮೆ ಬಿಚ್ಚಿದ ಮೇಲೆ ಮೊದಲಿನ ಹಿಡಿತ ಕೊಡುವುದಿಲ್ಲ. ಎಲ್ಲ ಸೇರಿ ನೂರು ರೂಪಾಯಿಯ ಆಸುಪಾಸಿನ ಖರ್ಚು, ಇದರಲ್ಲಿ ಜುಗ್ಗತನ ಬೇಡ. ಚಾನಲ್‌ನಲ್ಲಿ ಬಿರುಕು ಇದೆಯಾ ಎಂದು ಟಾರ್ಚ್ ಹಾಕಿ ನೋಡಿ. ಬಿಗಿ ಮಾಡಲು ಟೈರ್ ಅಂಗಡಿಯ ಗನ್ ತರಿಸಬೇಡಿ. ಸ್ಟೇನ್‌ಲೆಸ್ ಬೋಲ್ಟಿಗೆ ಗನ್ ಹಿಡಿದರೆ ಥ್ರೆಡ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಅಲ್ಯೂಮಿನಿಯಂ ಚಾನಲ್ಲಂತೂ ಬಾಯಿ ತೆರೆದುಬಿಡುತ್ತದೆ. ಟಾರ್ಕ್ ವ್ರೆಂಚ್ ತಂದು ಪುಸ್ತಕದಲ್ಲಿರುವಷ್ಟೇ ಬಿಗಿ ಮಾಡಿ. ಕೊನೆಗೆ ನಟ್ಟಿನಿಂದ ಪ್ಲೇಟಿನ ಮೇಲೆ ಹಾಯುವಂತೆ ವೈಟ್ನರ್‌ನಲ್ಲಿ ಒಂದು ಗೆರೆ ಎಳೆಯಿರಿ. ನಟ್ ಸಡಿಲಾದರೆ ಗೆರೆ ಮುರಿಯುತ್ತದೆ, ಬಗ್ಗಿ ನೋಡಿದರೆ ಸಾಕು.

ಮೊದಲ ಸಲ ಮೂಡಿಗೆರೆ ಕಡೆ ಹೊರಟರೆ ಸುಮಾರು 30 ಕಿ.ಮೀ. ಅಲ್ಲಿ ಕಾಫಿಗೆ ನಿಲ್ಲಿಸಿ ಗೆರೆ ನೋಡಿ, ವ್ರೆಂಚ್ ಕೊಡಿ. ಎಲ್ಲ ಕೂತು ಹೊಂದಿಕೊಳ್ಳುವುದೇ ಆ ಮೊದಲ ಓಟದಲ್ಲಿ. ಆಮೇಲೆ ಪ್ರತಿ ಸಲ ಹೊರಡುವ ಮುಂಚೆ ನೋಡಿ. ಘಾಟಿಯ ತಿರುವಿನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ, ಬ್ರೇಕಿಗೆ ಜಾಸ್ತಿ ದೂರ ಬೇಕು. ಟೈರ್ ಗಾಳಿಯನ್ನು ಫುಲ್ ಲೋಡಿನ ಲೆಕ್ಕಕ್ಕೆ ಏರಿಸಿ.

ಪ್ರಶ್ನೆ: ನಮ್ಮೂರಿನ ವೆಲ್ಡಿಂಗ್ ಶಾಪಿನವರು ಬಾರ್ ಎಲ್ಲ ಬೇಡ, ಟಾಪಿಗೇ ಕ್ಯಾರಿಯರ್ ವೆಲ್ಡ್ ಮಾಡಿಬಿಡೋಣ, ಆನೆ ನಿಂತರೂ ಅಲ್ಲಾಡಲ್ಲ ಎನ್ನುತ್ತಾರೆ. ಮಾಡಿಸಲಾ? (ಅರಸೀಕೆರೆಯ ಓದುಗರು)

ಉತ್ತರ: ಬೇಡ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಕರ್ಟನ್ ಏರ್‌ಬ್ಯಾಗ್, ಅಂದರೆ ಅಪಘಾತದಲ್ಲಿ ಕಿಟಕಿಗೆ ಪರದೆಯಂತೆ ಇಳಿಯುವ ಗಾಳಿಚೀಲ, ಇರುವುದೇ ಟಾಪಿನ ಅಂಚಿನೊಳಗೆ. ಅದರ ಪಕ್ಕ ವೆಲ್ಡಿಂಗ್ ಕಿಡಿ, ಡ್ರಿಲ್ ಎಂದರೆ ನನಗೆ ಮೈ ನಡುಗುತ್ತದೆ. ಸುಟ್ಟ ಪೇಂಟಿನ ಜಾಗದಲ್ಲಿ ತುಕ್ಕು ಹಿಡಿಯುತ್ತದೆ, ಎರಡು ಮಳೆಗಾಲಕ್ಕೆ ಒಳಗೆ ನೀರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕೂಡ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. ಬಿಚ್ಚಿ ತೆಗೆಯಬಹುದಾದ ಬಾರ್ ಹಾಕಿಸಿ. ಆನೆ ನಿಲ್ಲಿಸುವ ಮಾತು ಅವರಿಗೇ ಬಿಡಿ.

ಪ್ರಶ್ನೆ: ಚಳಿಗೆ ಟೆಂಟಿನೊಳಗೆ ಸಣ್ಣ ಅಗ್ಗಿಷ್ಟಿಕೆ ಇಡಬಹುದೇ? ಬೆಳಿಗ್ಗೆ ಎದ್ದರೆ ಒಳಗೆಲ್ಲ ನೀರು ತೊಟ್ಟಿಕ್ಕುತ್ತದೆ, ಟೆಂಟ್ ಸೋರುತ್ತಿದೆಯೇ? (ಕೊಪ್ಪದ ಓದುಗರು)

ಉತ್ತರ: ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಎರಡೂ ಕೂಡದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಎರಡು ಕಂಬಳಿ ಜಾಸ್ತಿ ಒಯ್ಯಿರಿ.

ನೀರು ಸೋರಿದ್ದಲ್ಲ, ನಿಮ್ಮ ಉಸಿರಿನದೇ. ಚಳಿ ಎಂದು ಎಲ್ಲ ಜಿಪ್ ಮುಚ್ಚಿದರೆ ತಣ್ಣನೆಯ ಬಟ್ಟೆಗೆ ಹಬೆ ಕೂರುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ಒಂದೊಂದು ಗೇಣು ತೆರೆದಿಡಿ. ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸಿ. ಕೊಪ್ಪದ ಜುಲೈಯಲ್ಲಿ ಒದ್ದೆ ಟೆಂಟ್ ಮಡಚಿಟ್ಟರೆ ಬೂಷ್ಟು ಹಿಡಿಯಲು ವಾರ ಬೇಕಿಲ್ಲ.

ಪ್ರಶ್ನೆ: ಟೆಂಟ್ ಮೇಲಿರುವುದರಿಂದ ಪ್ರಾಣಿಗಳ ಭಯ ಇಲ್ಲ ಅಲ್ಲವೇ? ಸಕಲೇಶಪುರದ ಹತ್ತಿರ ರಸ್ತೆ ಬದಿ, ಇಲ್ಲವೇ ಮುಳ್ಳಯ್ಯನಗಿರಿಯ ಕಡೆ ಎಲ್ಲಾದರೂ ನಿಲ್ಲಿಸಿ ಮಲಗುವ ಯೋಚನೆ. (ಹಾಸನದ ಓದುಗರು)

ಉತ್ತರ: ಇಂಬಳ, ಹಾವು, ಚೇಳಿಗೆ ಸರಿ. ಆನೆಗೆ? ನಿಮ್ಮ ಹಾಸಿಗೆ ನೆಲದಿಂದ ಸುಮಾರು 2 ಮೀಟರ್. ದೊಡ್ಡ ಆನೆಯ ಭುಜ ಅದಕ್ಕಿಂತ ಮೇಲೆ. ಅದರ ಸೊಂಡಿಲಿಗೆ ನಿಮ್ಮನ್ನು ಎತ್ತಿ ಹಿಡಿದಂತಾಯಿತು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ತೋಟಕ್ಕೆ ಬರುವುದು ನಿಮಗೆ ನಾನು ಹೇಳಬೇಕೇ? ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳಲೇಬೇಡಿ. ರಸ್ತೆ ಬದಿ ಬೇಡವೇ ಬೇಡ, ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನಿಲ್ಲಿಸಬೇಡಿ.

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ ಬೋಳು ಗುಡ್ಡ. ಫೋಟೋಗೆ ಚೆನ್ನ, ಗಾಳಿಗೆ ಅಲ್ಲ. ಬಿಚ್ಚಿದ ಟೆಂಟ್ ಗಾಳಿ ಹಿಡಿದರೆ ಇಡೀ ಗಾಡಿ ತೂಗುತ್ತದೆ.

ಗುರುತಿನವರ ತೋಟದ ಕಣ ಅಥವಾ ಹೋಂಸ್ಟೇ ಅಂಗಳ ಕೇಳಿ. ಸಮತಟ್ಟು ಜಾಗ ನೋಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸಬೇಡಿ, ಅದರ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಬಾಳೆಹಣ್ಣು, ತಿಂಡಿ ಯಾವುದನ್ನೂ ಟೆಂಟಿನೊಳಗೆ ಇಟ್ಟುಕೊಂಡು ಮಲಗಬೇಡಿ. ಟೆಂಟ್ ಮಡಚಿದಾಗ ಗಾಡಿಯ ಒಟ್ಟು ಎತ್ತರ ಎಷ್ಟು ಎಂದು ಅಳೆದು ಒಂದು ಚೀಟಿಯನ್ನು ಸ್ಟೇರಿಂಗ್ ಪಕ್ಕ ಅಂಟಿಸಿ. ಹೋಂಸ್ಟೇಗೆ ಫೋನ್ ಮಾಡುವಾಗ ಊಟದ ವಿಷಯಕ್ಕಿಂತ ಮೊದಲು ಗೇಟಿನ ಕಮಾನು ಎಷ್ಟು ಎತ್ತರ ಎಂದು ಕೇಳಿ.