20 ಸಾವಿರಕ್ಕೆ ಒಳ್ಳೆ ಸಬ್‌ವೂಫರ್ ಸಿಗುತ್ತಾ?

ಕಳೆದ ತಿಂಗಳು ಟಿವಿ ಸ್ಪೀಕರ್ ಬಗ್ಗೆ ಬರೆಯುವಾಗ ಸಬ್‌ವೂಫರ್ ಅಂತ ಒಂದು ಮಾತು ಬಿಟ್ಟಿದ್ದೆ, ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ. ಹಾಗಾಗಿ ಈ ತಿಂಗಳು ಪೂರ್ತಿ ಬೇಸ್, ಅಂದರೆ ತಳದ ಸದ್ದು ಮಾತ್ರ ಹೊರಡಿಸುವ ಈ ಗುಡುಗಿನ ಡಬ್ಬದ ವಿಚಾರ.

ಪ್ರಶ್ನೆ: ಸರ್, ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ಎವಿ ರಿಸೀವರ್ (ಟಿವಿ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಇದೆ, ಐದು ಸ್ಪೀಕರ್ ಇವೆ, ಸಬ್‌ವೂಫರ್ ಒಂದು ಬಾಕಿ. ಭಾನುವಾರ ಸಿನಿಮಾ, ಉಳಿದ ದಿನ ಸಂಜೆ ಹಾಡು. 20 ಸಾವಿರ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯಲ್ಲಿ 12 ಇಂಚಿನ, 1000 ವ್ಯಾಟ್‌ದು 9 ಸಾವಿರಕ್ಕೆ ಕೊಡ್ತೀನಿ ಅಂತಾರೆ. ಇನ್ನೊಂದು ಕಡೆ 10 ಇಂಚಿನ, ಬರೀ 50 ವ್ಯಾಟ್‌ದು ತೋರಿಸಿ ಅದರ ಎರಡು ಪಟ್ಟು ರೇಟ್ ಹೇಳ್ತಾರೆ. ಇದೇನು ಲೆಕ್ಕ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೇ ಅಂಗಡಿಗೆ ಹೋಗಿ. ಕಾರಣ ಹೇಳುತ್ತೇನೆ.

ಆ 1000 ವ್ಯಾಟ್ ಪಕ್ಕ ಸಣ್ಣ ಅಕ್ಷರದಲ್ಲಿ ಪಿಎಂಪಿಒ ಅಂತ ಇದೆಯಾ ನೋಡಿ. ಇದ್ದರೆ ಆ ಅಂಕಿ ಮರೆತುಬಿಡಿ. ಪಿಎಂಪಿಒಗೆ ಒಂದು ಕಟ್ಟುನಿಟ್ಟಾದ ಅಳತೆ ಅಂತಲೇ ಇಲ್ಲ, ಬರೆದವರ ಬಾಯಿಗೆ ಬಂದದ್ದೇ ಲೆಕ್ಕ. ನೀವು ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಡಬ್ಬ ಬಿಡದೆ ಕೊಡಬಲ್ಲ ಶಕ್ತಿ. ಅದನ್ನೂ ಬರೆದಿಲ್ಲ ಅನ್ನಿ, ಡಬ್ಬವನ್ನು ಹಿಂದೆ ತಿರುಗಿಸಿ. ಕರೆಂಟ್ ವೈರ್ ಸೇರುವ ಜಾಗದ ಹತ್ತಿರ ಒಂದು ಚೀಟಿ ಇರುತ್ತದೆ, ಎಷ್ಟು ವ್ಯಾಟ್ ಕರೆಂಟ್ ಎಳೆಯುತ್ತದೆ ಅಂತ. ಅಲ್ಲಿ 60 ಅಂತ ಬರೆದು ಮುಂದುಗಡೆ 1000 ಅಂತ ಸ್ಟಿಕ್ಕರ್ ಅಂಟಿಸಿದ್ದರೆ, ಉಳಿದ 940 ಎಲ್ಲಿಂದ ತರ್ತೀರಪ್ಪಾ ಅಂತ ಅಂಗಡಿಯವರನ್ನೇ ಕೇಳಿ.

ಇನ್ನೊಂದು ವಿಷಯ. ವ್ಯಾಟ್ ಎರಡು ಪಟ್ಟು ಆದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. 50 ಇದ್ದದ್ದು 100 ಆದರೆ ಜಾಸ್ತಿಯಾಗುವುದು 3 ಡೆಸಿಬೆಲ್, ಅಂದರೆ 'ಹೌದಾ, ಸ್ವಲ್ಪ ಏರಿತಾ?' ಅನ್ನುವಷ್ಟು. ಕಿವಿಗೆ ನಿಜವಾಗಿ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಸುರಿಯಬೇಕು. ಪೋಲ್ಕ್ ಕಂಪನಿಯ ಪಿಎಸ್‌ಡಬ್ಲ್ಯೂ10 ಅನ್ನುವ ಹಳೇ ಮಾಡೆಲ್ ಒಂದಿದೆ. 10 ಇಂಚು, ಆರ್‌ಎಂಎಸ್ 50 ವ್ಯಾಟ್ ಅಂತ ಕಂಪನಿಯವರೇ ಬರೆದಿದ್ದಾರೆ. ಅಷ್ಟರಲ್ಲೇ ನಿಮ್ಮಷ್ಟು ದೊಡ್ಡ ಹಾಲ್‌ನ ಶೋಕೇಸ್ ಗಾಜು ನಡುಗುತ್ತದೆ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಕೆಳಗೆ ಇಳಿಯುವುದಕ್ಕೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ನಡುಕ ಅನ್ನುವ ಲೆಕ್ಕ, ಅಂಕಿ ಕಮ್ಮಿಯಾದಷ್ಟೂ ಸದ್ದು ತಳದ್ದು. ನಮ್ಮ ಕಿವಿಗೆ 20 ಹರ್ಟ್ಸ್‌ನಿಂದ ಕೇಳಿಸುತ್ತದೆ ಅಂತಾರೆ. ಆದರೆ ಅಷ್ಟು ಕೆಳಗಿನ ಸದ್ದನ್ನು ಜೋರಾಗಿ ಹೊರಡಿಸುವುದು ಕಷ್ಟದ ಕೆಲಸ. 40 ಹರ್ಟ್ಸ್‌ನಲ್ಲಿ ಬಂದಷ್ಟೇ ಸದ್ದು 20ರಲ್ಲೂ ಬರಬೇಕಾದರೆ ಅದೇ ಕೋನ್, ಅಂದರೆ ಸ್ಪೀಕರಿನ ನಡುಗುವ ತಟ್ಟೆ, ನಾಲ್ಕು ಪಟ್ಟು ಹಿಂದೆ ಮುಂದೆ ಓಡಾಡಬೇಕು. ಅದಕ್ಕೆ ದೊಡ್ಡ ಮ್ಯಾಗ್ನೆಟ್, ಗಟ್ಟಿ ಡಬ್ಬ, ಒಳ್ಳೆ ಆಂಪ್ಲಿಫಯರ್ ಎಲ್ಲ ಬೇಕು. ನಿಮ್ಮ ಬಜೆಟ್‌ನಲ್ಲಿ 35 ಹರ್ಟ್ಸ್ ಆಸುಪಾಸಿಗೆ ಇಳಿದರೆ ಖುಷಿಪಡಿ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್, ಹಾಗಾಗಿ ಹಾಡಿಗೆ ಏನೂ ತೊಂದರೆಯಿಲ್ಲ. ಸಿನಿಮಾದ ಬಾಂಬು, ಭೂಕಂಪಗಳಲ್ಲಿ ಮಾತ್ರ ತಳದ ಒಂದು ಪದರ ತಪ್ಪುತ್ತದೆ. ಸ್ಪೆಸಿಫಿಕೇಶನ್‌ನಲ್ಲಿ ಹರ್ಟ್ಸ್ ಪಕ್ಕ 'ಪ್ಲಸ್ ಮೈನಸ್ 3 ಡೆಸಿಬೆಲ್' ಅಂತ, ಅಂದರೆ ಅಲ್ಲಿವರೆಗೂ ಸದ್ದು ಹೆಚ್ಚು ತಗ್ಗುವುದಿಲ್ಲ ಅಂತ ಇದ್ದರೆ ನಂಬಬಹುದು. ಸುಮ್ನೆ '20 ಹರ್ಟ್ಸ್' ಅಂತಷ್ಟೇ ಇದ್ದರೆ, 20ರಲ್ಲಿ ಪಿಸುಗುಟ್ಟಿದರೂ ಅವರ ಮಾತು ಸುಳ್ಳಾಗುವುದಿಲ್ಲ ನೋಡಿ.

ಡಬ್ಬಗಳಲ್ಲಿ ಎರಡು ಜಾತಿ. ಗಾಳಿ ಆಡಲು ತೂತು, ಅಂದರೆ ಪೋರ್ಟ್ ಇರುವುದು ಒಂದು, ಪೂರ್ತಿ ಮುಚ್ಚಿದ್ದು ಇನ್ನೊಂದು. ಅದೇ ದುಡ್ಡಿಗೆ ಪೋರ್ಟ್‌ನದು ಜಾಸ್ತಿ ಗುಡುಗುತ್ತದೆ, ಆದರೆ ತನ್ನ ಮಿತಿಯಿಂದ ಕೆಳಗೆ ಬಾವಿಗೆ ಬಿದ್ದ ಹಾಗೆ ಧಡಕ್ಕನೆ ಇಳಿಯುತ್ತದೆ. ಮುಚ್ಚಿದ್ದು ಮೆಲ್ಲಗೆ ಇಳಿಯುತ್ತದೆ, ಡ್ರಮ್ಮಿನ ಏಟು ಬಿಗಿಯಾಗಿ ಕೇಳುತ್ತದೆ. ನಿಮ್ಮದು ಎರಡೂ ಬಳಕೆ, ಬಜೆಟ್ ಕಮ್ಮಿ. ಪೋರ್ಟ್ ಇರುವ 10 ಇಂಚೇ ಸಾಕು. ಪೋಲ್ಕ್, ಯಮಹಾ, ಕೋಲ್ಕತ್ತಾದ ಸೋನೊಡೈನ್ ಇವನ್ನೆಲ್ಲ ಒಂದು ಸುತ್ತು ಕೇಳಿ ನೋಡಿ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ಗೆ ಹೋಗುವುದಾದರೆ ಹೋಗಿ, ಆದರೆ ಅಂಗಡಿಯವರು ಹಾಕುವ ಹೆಲಿಕಾಪ್ಟರ್ ಸೀನ್ ಕೇಳಿ ಮರುಳಾಗಬೇಡಿ. ನೂರು ಸಲ ಕೇಳಿ ಬಾಯಿಪಾಠ ಆಗಿರುವ ನಿಮ್ಮದೇ ಒಂದು ಹಾಡು ಫೋನಿನಲ್ಲಿ ಒಯ್ದು ಹಾಕಿಸಿ. ಪ್ರತಿ ಏಟೂ 'ಧಪ್' ಅಂತ ಬಂದು ನಿಲ್ಲಬೇಕು. ಎಲ್ಲ ಏಟೂ ಸೇರಿ 'ಗುಂಂಂ' ಅಂತ ಒಂದೇ ರಾಗ ಎಳೆದರೆ ಬೇಡ.

ಪ್ರಶ್ನೆ: ಸಬ್‌ವೂಫರ್ ತಂದು ಟಿವಿ ಪಕ್ಕ ಇಟ್ಟೆ. ಸೋಫಾ ಮೇಲೆ ಕೂತರೆ ಬೇಸೇ ಇಲ್ಲ. ಎದ್ದು ಅಡುಗೆಮನೆ ಬಾಗಿಲಿಗೆ ಹೋದರೆ ಎದೆ ನಡುಗುತ್ತದೆ. ಪೀಸ್ ಡಿಫೆಕ್ಟಾ? ವಾಪಸ್ ಕೊಡಲಾ? — ಹುಬ್ಬಳ್ಳಿಯಿಂದ

ಉತ್ತರ: ಕೊಡಬೇಡಿ. ಡಿಫೆಕ್ಟ್ ಇರುವುದು ಕೋಣೆಯಲ್ಲಿ. ಎಲ್ಲರ ಕೋಣೆಯಲ್ಲೂ ಇರುತ್ತದೆ.

ಬೇಸ್‌ನ ಅಲೆಗಳು ಬಹಳ ಉದ್ದ. 34 ಹರ್ಟ್ಸ್‌ನ ಒಂದು ಅಲೆ ಸುಮಾರು 10 ಮೀಟರ್, ನಿಮ್ಮ ಹಾಲ್‌ಗಿಂತ ದೊಡ್ಡದು. ಅದು ಗೋಡೆಗೆ ಬಡಿದು ವಾಪಸ್ ಬಂದು ತನ್ನ ಮೇಲೇ ಬೀಳುತ್ತದೆ. ಕೆಲವು ಜಾಗದಲ್ಲಿ ಎರಡು ಸೇರಿ ದೊಡ್ಡದಾಗುತ್ತದೆ, ಕೆಲವು ಕಡೆ ಒಂದನ್ನೊಂದು ನುಂಗಿಬಿಡುತ್ತವೆ. ನಿಮ್ಮ ಸೋಫಾ ಆ ನುಂಗುವ ಜಾಗದಲ್ಲಿದೆ. ಲೆಕ್ಕ ಬೇಕಾದರೆ, 562ನ್ನು ಕೋಣೆಯ ಉದ್ದದ ಅಡಿಯಿಂದ ಭಾಗಿಸಿ. 14 ಅಡಿಗೆ 40 ಹರ್ಟ್ಸ್ ಬರುತ್ತದೆ, 11 ಅಡಿಗೆ 51. ಆ ಸ್ವರಗಳು ಗೋಡೆ ಹತ್ತಿರ ಗುಡುಗುತ್ತವೆ, ನಟ್ಟನಡುವೆ ಸತ್ತಿರುತ್ತವೆ. ಉದ್ದ ಅಗಲ ಎರಡೂ ಒಂದೇ ಇರುವ ಚೌಕ ಕೋಣೆಯಾದರೆ ಎರಡು ತೊಂದರೆಯೂ ಒಂದೇ ಸ್ವರದ ಮೇಲೆ ಕೂರುತ್ತವೆ. ವಾಸ್ತು ಏನೇ ಹೇಳಲಿ, ಬೇಸ್‌ಗೆ ಚೌಕ ಆಗಿಬರುವುದಿಲ್ಲ.

ಮದ್ದು ಪುಕ್ಕಟೆ, ಆದರೆ ಸ್ವಲ್ಪ ಮರ್ಯಾದೆ ಹೋಗುತ್ತದೆ. ಸಬ್‌ವೂಫರನ್ನು ಎತ್ತಿ ಸೋಫಾದಲ್ಲಿ ನೀವು ಕೂರುವ ಜಾಗದ ಮೇಲೇ ಇಡಿ. ಬೇಸ್ ಬಿಡದೆ ಓಡುತ್ತಿರುವ ಒಂದು ಹಾಡು ಹಾಕಿ. ಈಗ ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆ ಪಕ್ಕ ಒಂದು ಸುತ್ತು ಹೋಗಿ, ಕಿವಿ ನೆಲದಿಂದ ಒಂದಡಿ ಮೇಲಿರಲಿ. ಎಲ್ಲಿ ಬೇಸ್ ತುಂಬಿಕೊಂಡು, ಆದರೆ ಗುಂಯ್‌ಗುಡದೆ ಕೇಳುತ್ತದೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಮಾಡಿ. ಸಬ್‌ವೂಫರ್ ಅಲ್ಲಿಗೆ, ನೀವು ಸೋಫಾಗೆ. ಜಾಗ ಅದಲುಬದಲಾದರೂ ಫಲಿತಾಂಶ ಅದೇ. ನಾನು ಹೀಗೆ ಹರಿದಾಡುತ್ತಿದ್ದಾಗ ನಮ್ಮಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು, 'ಏನೋ ಬಿದ್ದೋಯ್ತಾ?' ಅಂದರು. ಕೊನೆಗೆ ಸರಿಯಾದ ಜಾಗ ಸಿಕ್ಕಿದ್ದು ಅವರ ಹೊಲಿಗೆ ಮಷಿನ್ ಇದ್ದ ಕಡೆ. ಮಷಿನ್ ಎರಡಡಿ ಸರಿಯಲು ಒಂದು ವಾರ ಮಾತುಕತೆ ನಡೆಯಿತು.

ಜಾಗ ಆದ ಮೇಲೆ ಸೆಟ್ಟಿಂಗ್. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನೆಲ್ಲ 'ಸ್ಮಾಲ್' ಮಾಡಿ, ಆಗ ಅವುಗಳ ತಳದ ಸದ್ದು ಸಬ್‌ವೂಫರ್‌ಗೆ ಹೋಗುತ್ತದೆ. ಎಲ್ಲಿಂದ ಕೆಳಗಿನದು ಹೋಗಬೇಕು ಅನ್ನುವ ಗಡಿ, ಅಂದರೆ ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಸಬ್‌ವೂಫರ್ ಹಿಂದಿರುವ ಕ್ರಾಸ್‌ಓವರ್ ತಿರುಗಣೆಯನ್ನು ಹೆಚ್ಚಿನ ಹರ್ಟ್ಸ್ ಕಡೆಗೆ ಕೊನೆವರೆಗೆ ತಿರುಗಿಸಿ ಬಿಟ್ಟುಬಿಡಿ, ಇಲ್ಲದಿದ್ದರೆ ಎರಡು ಕಡೆ ಕತ್ತರಿ ಬೀಳುತ್ತದೆ. ವಾಲ್ಯೂಮ್ ಅರ್ಧ. ಫೇಸ್ ಸ್ವಿಚ್ 0 ಮತ್ತು 180 ಎರಡರಲ್ಲೂ ಕೇಳಿ, ಸೋಫಾದಲ್ಲಿ ಯಾವುದು ತುಂಬಿ ಕೇಳುತ್ತದೋ ಅದು. ಬೀರು ಬಾಗಿಲು, ಗೋಡೆಯ ಫೋಟೋ ಫ್ರೇಮು ಗಡಗಡ ಅಂದರೆ ಸಂದಿಗೆ ರಟ್ಟು ಮಡಚಿ ಸಿಕ್ಕಿಸಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್, ಎರಡನೇ ಮಹಡಿ. ಮಗ ಸಬ್‌ವೂಫರ್ ತರಬೇಕು ಅಂತ ಹಟ ಹಿಡಿದಿದ್ದಾನೆ. ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಅಡಿಗೆ ಫೋಮ್ ಹಾಕಿದರೆ ಸದ್ದು ಹೋಗಲ್ಲ ಅಂತಾನೆ, ನಿಜವೇ? — ಗೃಹಿಣಿ, ಮೈಸೂರು

ಉತ್ತರ: ಅರ್ಧ ನಿಜ ಮೇಡಂ. ಡಬ್ಬದ ನಡುಕ ನೇರವಾಗಿ ನೆಲಕ್ಕೆ ಇಳಿಯುವುದನ್ನು ಫೋಮು, ರಬ್ಬರು ಕಮ್ಮಿ ಮಾಡುತ್ತವೆ. ಆದರೆ ಗಾಳಿಯಲ್ಲಿ ಹೋಗುವ ಬೇಸ್ ಗೋಡೆ, ಆರ್‌ಸಿಸಿ ಎಲ್ಲ ದಾಟಿ ಹೋಗುತ್ತದೆ, ಅದಕ್ಕೆ ಫೋಮ್ ಏನೂ ಮಾಡಲಾರದು.

ಮಗ ಇನ್ನೊಂದು ವಾದ ತರಬಹುದು, ಈಗಲೇ ಹೇಳಿರುತ್ತೇನೆ. ಫೋನ್ ಆ್ಯಪ್‌ನಲ್ಲಿ ಅಳೆದು 'ನೋಡಮ್ಮಾ, 45 ಡೆಸಿಬೆಲ್ ಒಳಗೇ ಇದೆ, ಕಾನೂನು ಪ್ರಕಾರ ಸರಿ' ಅಂತ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲಿ ಇರುವುದು ಹೌದು. ಆದರೆ ಆ ಅಳತೆ 'ಎ' ತೂಕದ್ದು, ಅದು ಬೇಸ್ ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಅನ್ನಬೇಕು. 50 ಹರ್ಟ್ಸ್‌ನ ಸದ್ದಿನಲ್ಲಿ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಮೀಟರ್ ಸುಮ್ಮನಿರುತ್ತದೆ, ಕೆಳಗಿನ ಅಜ್ಜಿಯ ಮಂಚ ನಡುಗುತ್ತಿರುತ್ತದೆ.

ತರಲೇಬೇಕು ಅಂದರೆ 8 ಇಂಚಿನ ಮುಚ್ಚಿದ ಡಬ್ಬ ತರಲಿ, ಅದನ್ನು ಮೂಲೆಗೆ ತಳ್ಳದೆ ಸೋಫಾ ಪಕ್ಕಕ್ಕೇ ಇಟ್ಟುಕೊಳ್ಳಲಿ. ಕಿವಿಗೆ ಹತ್ತಿರ ಇದ್ದಷ್ಟೂ ಕಮ್ಮಿ ವಾಲ್ಯೂಮ್ ಸಾಕು. ರಿಸೀವರ್‌ನಲ್ಲಿ 'ನೈಟ್' ಅಂತ ಒಂದು ಮೋಡ್ ಇರುತ್ತದೆ, ಬಾಂಬ್ ಸದ್ದು ತಗ್ಗಿಸಿ ಮಾತನ್ನು ಏರಿಸುತ್ತದೆ, ಒಂಬತ್ತರ ಮೇಲೆ ಅದನ್ನೇ ಹಾಕಲಿ. ಮತ್ತೆ ತಂದ ಮೊದಲ ದಿನವೇ ಮಗನನ್ನು ಕೆಳಗಿನ ಮನೆಗೆ ಕಳಿಸಿ, ಅವರ ಬೆಡ್‌ರೂಮಿನಲ್ಲಿ ಐದು ನಿಮಿಷ ಕೂತು ಬರಲಿ. ಇಲ್ಲಿ ನೀವು ಸಿನಿಮಾ ಹಾಕಿ. ವಾಲ್ಯೂಮ್ ಎಷ್ಟಿರಬೇಕು ಅಂತ ಅವನೇ ಬಂದು ಹೇಳುತ್ತಾನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಹಳೇ ಸ್ಟೀರಿಯೊ ಆಂಪ್ಲಿಫಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್ ಇವೆ. ಕೇಳುವುದು ಕರ್ನಾಟಕ ಸಂಗೀತ, ಹಳೇ ಚಿತ್ರಗೀತೆ. ನನಗೆ ಸಬ್‌ವೂಫರ್ ಬೇಕೇ? ಆಂಪ್ಲಿಫಯರ್‌ಗೆ ಅದರ ಔಟ್‌ಪುಟ್ಟೇ ಇಲ್ಲ. — ಶಿವಮೊಗ್ಗದಿಂದ

ಉತ್ತರ: ನಮಸ್ಕಾರ ಮೇಷ್ಟ್ರೇ. ಹಳೇ ಚಿತ್ರಗೀತೆಗಾದರೆ ಬೇಡವೇ ಬೇಡ. ಆ ಕಾಲದ ರೆಕಾರ್ಡಿಂಗ್‌ಗಳಲ್ಲಿ ಅಷ್ಟು ತಳದ ಸದ್ದು ಹೆಚ್ಚಿಲ್ಲ, ಇಲ್ಲದ್ದನ್ನು ಯಾವ ಡಬ್ಬವೂ ತರಲಾರದು.

ಕಚೇರಿಗೆ ಮಾತ್ರ ಸ್ವಲ್ಪ ಬೇರೆ ಮಾತು. ಒಂದು ಕಟ್ಟೆ ಶ್ರುತಿಯಲ್ಲಿ ಹಾಡುವ ಗಂಡಸರ ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ 'ಸ', ಸುಮಾರು 65 ಹರ್ಟ್ಸ್. ಒಳ್ಳೆ ಬುಕ್‌ಶೆಲ್ಫ್ ಸ್ಪೀಕರ್ ಅಲ್ಲಿಗೆ ಮುಟ್ಟುತ್ತದೆ, ಸಣ್ಣದು ಮುಟ್ಟುವುದಿಲ್ಲ. ಮೃದಂಗದ ಎಡಬದಿಗೆ ರವೆ ಹಚ್ಚಿ ನುಡಿಸಿದಾಗ ಬರುವ ಆ ಗುಮಕಿಗೂ ಕೆಳಗಡೆ ಸ್ವಲ್ಪ ಆಸರೆ ಬೇಕು. ನಿಮ್ಮಲ್ಲಿ ಅದು ತೆಳ್ಳಗೆ ಕೇಳುತ್ತಿದ್ದರೆ 8 ಇಂಚಿನ ಒಂದು ಸಣ್ಣ ಸಬ್‌ವೂಫರ್ ಸಾಕು. ಕೊಳ್ಳುವಾಗ ಹಿಂದೆ 'ಸ್ಪೀಕರ್ ಲೆವೆಲ್' ಅಥವಾ 'ಹೈ ಲೆವೆಲ್' ಇನ್‌ಪುಟ್ ಇದೆಯಾ ನೋಡಿ. ಇದ್ದರೆ ನಿಮ್ಮ ಆಂಪ್ಲಿಫಯರ್‌ನ ಸ್ಪೀಕರ್ ವೈರನ್ನೇ ಅಲ್ಲಿಗೂ ಎಳೆಯಬಹುದು, ಬೇರೆ ಔಟ್‌ಪುಟ್ ಬೇಡ. ಇಲ್ಲಿ ರಿಸೀವರ್ ಇಲ್ಲವಾದ್ದರಿಂದ ಕ್ರಾಸ್‌ಓವರ್ ತಿರುಗಣೆ ನಿಮ್ಮದೇ ಕೈಯಲ್ಲಿ, 60ರ ಹತ್ತಿರದಿಂದ ಶುರುಮಾಡಿ. ಮೃದಂಗ ವೇದಿಕೆ ಬಿಟ್ಟು ಡಬ್ಬ ಇಟ್ಟ ಮೂಲೆಯಿಂದ ಕೇಳಿದ ಹಾಗಾದರೆ ಮೇಲೆ ಹೋದಿರಿ ಅಂತ ಲೆಕ್ಕ, ಇಳಿಸಿ.

ಪ್ರಶ್ನೆ: ಅಮೆರಿಕದಿಂದ ಬರುವ ಅಣ್ಣನ ಮಗನ ಕೈಲಿ ಸಬ್‌ವೂಫರ್ ತರಿಸಬಹುದೇ? ಅಲ್ಲಿ ಅಗ್ಗವಂತೆ. — ಉಡುಪಿ

ಉತ್ತರ: ಡಬ್ಬದ ಹಿಂದೆ ಅಂಟಿಸಿರುವ ಚೀಟಿಯ ಫೋಟೋ ಮೊದಲು ತರಿಸಿಕೊಳ್ಳಿ. 100-240 ವೋಲ್ಟ್ ಅಂತ ಇದ್ದರೆ ಸರಿ. ಬರೀ 120 ಅಂತ ಇದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚು, 15 ಕಿಲೋ ಲಗೇಜು, ಇಲ್ಲಿ ವಾರಂಟಿ ಇಲ್ಲ. ಹುಡುಗನ ಕೈಲಿ ಚಾಕಲೇಟೇ ತರಿಸಿ.

ಪ್ರಶ್ನೆ: ಸಬ್‌ವೂಫರ್ ಆನ್ ಮಾಡಿದರೆ ಹಾಡಿಲ್ಲದಿದ್ದರೂ 'ಗುಂಯ್' ಅನ್ನುತ್ತದೆ. ನಮ್ಮದು ಮಳೆ ಜಾಸ್ತಿ ಇರುವ ಊರು. ಬೇರೇನು ಜೋಪಾನ ಮಾಡಬೇಕು? — ತೀರ್ಥಹಳ್ಳಿ

ಉತ್ತರ: ಅದು ನಮ್ಮ ಕರೆಂಟಿನ 50 ಹರ್ಟ್ಸ್‌ನದೇ ರಾಗ. ಟಿವಿಯ ಕೇಬಲ್ ಅಥವಾ ಡಿಶ್ ವೈರನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಒಮ್ಮೆ ಕಳಚಿ ನೋಡಿ. ಗುಂಯ್ ನಿಂತರೆ ಕಳ್ಳ ಸಿಕ್ಕಿದ ಹಾಗೆ, ಆ ವೈರಿಗೆ ಐಸೊಲೇಟರ್, ಅಂದರೆ ಗುಂಯ್ ದಾಟದಂತೆ ತಡೆಯುವ ಸಣ್ಣ ಸಾಧನ ಹಾಕಿಸಬೇಕು. ನಿಲ್ಲದಿದ್ದರೆ ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಸಾಕೆಟ್‌ನಿಂದ ಕೊಡಿ. ಅರ್ಥ್ ಪಿನ್ ಕಿತ್ತರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುಂಯ್ ಅನ್ನುತ್ತಿದ್ದರೆ ತಪ್ಪು ಇನ್ವರ್ಟರ್‌ದು. ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಸ್ವಭಾವವೇ ಅದು.

ಆಕಾಶದಲ್ಲಿ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಇನ್ನೂ ಹೊಸದು ಕೊಳ್ಳುವವರು ಕೋನ್ ಸುತ್ತಲಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿ. ರಬ್ಬರ್ ಇದ್ದರೆ ಒಳ್ಳೆಯದು. ಫೋಮ್ ಅಂಚು ಮಲೆನಾಡಿನ ಥಂಡಿಗೆ ಕೆಲವು ವರ್ಷದಲ್ಲಿ ಹಳೇ ಬಿಸ್ಕತ್ತಿನ ಹಾಗೆ ಪುಡಿ ಉದುರುತ್ತದೆ. ಪೋರ್ಟ್ ಇರುವ ಡಬ್ಬ ಜಿರಲೆಗಳಿಗೆ ಬೆಚ್ಚನೆ ಮನೆ. ಬಳಸದೇ ಇರುವಾಗ ತೂತಿಗೆ ಒಂದು ಹಳೇ ಬಟ್ಟೆ ತುರುಕಿ. ತೆಗೆಯುವುದು ಮರೆತು, ಬೇಸ್ ಕಮ್ಮಿಯಾಯ್ತು ಅಂತ ಮುಂದಿನ ತಿಂಗಳು ನನಗೆ ಪತ್ರ ಬರೆಯಬೇಡಿ.