ರೈಲು ಬಂದ ಮೇಲೂ ಕುದುರೆಗೆ ಬಿಡುವಿರಲಿಲ್ಲ

ಪ್ರಿಯ ಓದುಗರೇ,

ಕುದುರೆ ಸಾರೋಟಿನ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದಿದ್ದೀರಿ: "ಸಾರೋಟು ಅಂದ್ರೆ ರಾಜರ ಷೋಕಿ. ರೈಲು ಬಂದ ದಿನವೇ ಅದರ ಕಥೆ ಮುಗೀತು. ಇದಕ್ಕೆ ಆರು ಪುಟ ಬೇಕಿತ್ತಾ?" ಪುಟದ ವಿಷಯದಲ್ಲಿ ತಪ್ಪು ನನ್ನದೇ ಇರಬಹುದು. ಉಳಿದೆರಡು ಮಾತಿಗೆ ಮಾತ್ರ ತಕರಾರಿದೆ.

ಷೋಕಿ ಇತ್ತು, ಇಲ್ಲ ಅನ್ನಲ್ಲ. ಆದರೆ 1662ರಲ್ಲೇ ಪ್ಯಾರಿಸ್‌ನಲ್ಲಿ ತಲೆಗೆ ಐದು ಸೋಲ್ (ಆಗಿನ ಫ್ರಾನ್ಸಿನ ಚಿಲ್ಲರೆ ನಾಣ್ಯ) ಕೊಟ್ಟರೆ ಹತ್ತಿಸಿಕೊಳ್ಳುವ, ಗೊತ್ತಾದ ದಾರಿಯಲ್ಲೇ ಓಡುವ ಗಾಡಿಗಳಿದ್ದವು. ಯೋಚನೆ ಗಣಿತಜ್ಞ ಪಾಸ್ಕಲ್‌ನದು. (ಸಾಮಾನ್ಯ ಸೈನಿಕರು, ಆಳುಗಳು ಹತ್ತುವ ಹಾಗಿಲ್ಲ ಅಂತಲೂ ನಿಯಮ ಇತ್ತು. ಅಲ್ಲಿಗೆ ನಿಮ್ಮ ಮಾತು ಅರ್ಧ ಗೆದ್ದಿತು!) 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಸುಮಾರು 16 ಗಂಟೆಯಲ್ಲಿ ಅಂಚೆ ಮುಟ್ಟಿಸಿದ್ದೂ ಕುದುರೆ ಗಾಡಿಯೇ. ದಾರಿಯುದ್ದಕ್ಕೂ ದಣಿದ ಕುದುರೆ ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದರು, ಗುಟ್ಟು ಅಷ್ಟೇ.

ಇನ್ನು ರೈಲು. ದೂರದೂರಿನ ಗಾಡಿಗಳನ್ನು ಅದು ಮುಗಿಸಿತು, ನಿಜ. ಆದರೆ ರೈಲು ಮನೆ ಬಾಗಿಲಿಗೆ ಬರಲ್ವಲ್ಲ! ನಿಲ್ದಾಣದಲ್ಲಿ ಇಳಿದ ಜನ, ಮೂಟೆ, ಕಲ್ಲಿದ್ದಲು, ಹಾಲು ಎಲ್ಲವನ್ನೂ ಊರೊಳಗೆ ಸಾಗಿಸಲು ಮೊದಲಿಗಿಂತ ಜಾಸ್ತಿ ಕುದುರೆ ಬೇಕಾದವು. ಬೀದಿಯಲ್ಲಿ ಹಳಿ ಹಾಸಿ ಟ್ರಾಮನ್ನೂ ಕುದುರೆಗೇ ಕಟ್ಟಿದರು. ಕಬ್ಬಿಣದ ಮೇಲೆ ಚಕ್ರ ಹಗುರವಾಗಿ ಉರುಳುವುದರಿಂದ ಅದೇ ಜೋಡಿ ಹೆಚ್ಚು ಜನರನ್ನು ಎಳೆಯುತ್ತಿತ್ತು.

ನಂಬಿಕೆ ಬರದಿದ್ದರೆ 1872 ನೋಡಿ. ಕೆನಡಾದಲ್ಲಿ ಶುರುವಾದ ಕುದುರೆಗಳ ಫ್ಲೂ ಆ ವರ್ಷ ಅಮೆರಿಕದ ನಗರಗಳಿಗೆ ಹಬ್ಬಿತು. ಹೆಚ್ಚಿನವು ಸಾಯಲಿಲ್ಲ, ಒಂದೆರಡು ವಾರ ಕೆಮ್ಮುತ್ತಾ ಲಾಯದಲ್ಲಿ ನಿಂತವು ಅಷ್ಟೇ. ಅಷ್ಟಕ್ಕೇ ಊರು ಬಂದ್! ಟ್ರಾಮ್ ಇಲ್ಲ, ರೈಲಿನಲ್ಲಿ ಬಂದ ಸಾಮಾನು ನಿಲ್ದಾಣದಲ್ಲೇ, ಹಡಗಿನ ಸರಕು ಬಂದರಿನಲ್ಲೇ. ಕೆಲವು ಕಡೆ ಮನುಷ್ಯರೇ ಗಾಡಿಯ ಮೂಕಿ ಹಿಡಿದು ಎಳೆದರು. ನವೆಂಬರ್ 9ರ ರಾತ್ರಿ ಬಾಸ್ಟನ್‌ಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಉಗಿ ಪಂಪುಗಳನ್ನು ಹಗ್ಗ ಹಾಕಿ ತಾವೇ ಎಳೆದುಕೊಂಡು ಓಡಬೇಕಾಯಿತು. 700ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಇದಕ್ಕೆ ಕುದುರೆಯ ಕೆಮ್ಮು ಒಂದೇ ಕಾರಣ ಅಂತಲ್ಲ, ಮರದ ಚಾವಣಿಗಳೂ ಕೊಳಾಯಿಯ ನೀರಿನ ಒತ್ತಡ ಸಾಲದ್ದೂ ಸೇರಿದ್ದವು. ಆದರೂ ಉಗಿಯ ಯಂತ್ರವೇ ಕುದುರೆಗಾಗಿ ಕಾಯುತ್ತಿತ್ತು ಅನ್ನೋದು ತಮಾಷೆ ಅಲ್ವಾ?

ಬೀದಿ ತುಂಬ ಬೀಳುತ್ತಿದ್ದ ಲದ್ದಿಯ ಕಥೆ ಬೇರೆಯೇ ಇದೆ. ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಎರಡೇ ಪುಟ, ಮಾತು ಕೊಡ್ತೀನಿ.

ಸಂಪಾದಕ