ಹಳೆ ಫೋನ್, ಸೋಫಾ ಆನ್‌ಲೈನ್‌ನಲ್ಲಿ ಮಾರಿದ ದುಡ್ಡಿಗೆ ತೆರಿಗೆ ಕಟ್ಟಬೇಕಾ?

ಭಾರತದಲ್ಲಾದರೆ ಸಾಮಾನ್ಯವಾಗಿ ಬೇಡ. ಮನೆಯಲ್ಲಿ ಬಳಸಿದ ಫೋನ್, ಸೋಫಾ, ಬಟ್ಟೆ ಇವೆಲ್ಲ ಆದಾಯ ತೆರಿಗೆ ಕಾನೂನಿನ ಪ್ರಕಾರ ಸ್ವಂತ ಬಳಕೆಯ ವಸ್ತುಗಳು, ಬಂಡವಾಳ ಆಸ್ತಿ (ಮಾರಿ ಲಾಭ ಬಂದರೆ ತೆರಿಗೆ ಬೀಳುವ ಆಸ್ತಿ) ಅಲ್ಲ. ಓಎಲ್‌ಎಕ್ಸ್‌ನಲ್ಲಿ ಮಾರಿ ಲಾಭ ಬಂದರೂ ಬಂಡವಾಳ ಲಾಭದ ತೆರಿಗೆ ಇಲ್ಲ. ಅಷ್ಟಕ್ಕೂ 20,000ಕ್ಕೆ ಕೊಂಡ ಫೋನು 6,000ಕ್ಕೆ ಹೋದರೆ ಲಾಭ ಎಲ್ಲಿಂದ ಬರಬೇಕು, ಅಲ್ವಾ?

ಜನ ಎಡವುವುದು ಒಡವೆಯಲ್ಲಿ. ಅಜ್ಜಿ ಕೊಟ್ಟ ಸರವನ್ನು ದಿನಾ ಹಾಕಿಕೊಂಡಿದ್ದರೂ ಅದಕ್ಕೆ ಈ ವಿನಾಯಿತಿ ಇಲ್ಲ. ಪೇಂಟಿಂಗ್, ಶಿಲ್ಪಕ್ಕೂ ಇಲ್ಲ. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ 12.5% ತೆರಿಗೆ. ಅಜ್ಜಿ ಇಟ್ಟುಕೊಂಡಿದ್ದ ಕಾಲವೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು, ಹಳೆ ಫೋನು ಕೊಂಡು ಕೊಂಡು ಮಾರುತ್ತಿದ್ದರೆ ಅದು ಸುಮ್ನೆ ಮನೆ ಖಾಲಿ ಮಾಡುವುದಲ್ಲ, ವ್ಯಾಪಾರ. ಆ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ.